ಪಾಠ ಹೊಲಿದ ಕಾಲುಗಳು

ಮೊದಲು ಹುಟ್ಟಿದ್ದು ನನ್ನ ಕಾಲುಗಳು. ಉತ್ತರದ ಕಡೆಯ ಒಂದು ದೊಡ್ಡ ಊರಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರು. ಆರಿದ ಮೇಲೆ ನೋಡಿದರೆ ಬಳ್ಳಿಯಂತೆ ಹೆಣೆದ ಎರಡು ಕಾಲುಗಳು, ನಡುವೆ ಜಾಲರಿಯಂಥ ಒಂದು ಪೆಡಲ್. ಮೈ ಆಮೇಲೆ ಬಂತು. ಕರಿಬಣ್ಣದ ಮೈ, ಅದರ ಮೇಲೆ ಬಂಗಾರದ ಬಣ್ಣದ ಹೂವು. ಕೊನೆಗೆ ದೊಡ್ಡ ಚಕ್ರಕ್ಕೂ ಮೇಲಿನ ಚಿಕ್ಕ ಚಕ್ರಕ್ಕೂ ಚರ್ಮದ ಬೆಲ್ಟು ಹಾಕಿದರು. ಒಬ್ಬಾತ ಪೆಡಲಿನ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದ. ಸೂಜಿ ಇಳಿಯಿತು, ಏರಿತು. ನಾನು ಒಂದು ಹೊಲಿಗೆ ಮಷಿನ್ ಎಂಬುದು ನನಗೆ ಆಗ ತಿಳಿಯಿತು. ಮನುಷ್ಯರ ಕಾಲು ಬಂದರೆ ಮಾತ್ರ ನನಗೆ ಜೀವ ಎಂಬುದೂ ಆಗಲೇ ತಿಳಿಯಿತು.

ಗೂಡ್ಸ್ ಗಾಡಿಯಲ್ಲಿ ಗೋಣಿತಟ್ಟು ಸುತ್ತಿಕೊಂಡು ಗದಗಿಗೆ ಬಂದೆ. ಅಲ್ಲಿನ ಅಂಗಡಿಯಿಂದ ನನ್ನನ್ನು ಬೆಟಗೇರಿಯ ತುಕಾರಾಮಪ್ಪ ಎಂಬ ದರ್ಜಿ ಕೈಗಾಡಿಯಲ್ಲಿ ಮನೆಗೆ ತಂದ. ಅವನ ಹೆಂಡತಿ ದ್ರೌಪದವ್ವ ನನಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗಿದಳು. ಮನೆ ದೊಡ್ಡದಲ್ಲ. ಮುಂದಿನ ಪಡಸಾಲೆಯೇ ಅಂಗಡಿ, ಹಿಂದೆ ಒಂದು ಕೋಣೆ, ಮೂಲೆಯಲ್ಲಿ ಅಡಿಗೆಮನೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ಕಿಟಕಿಯ ಪಕ್ಕ ನನಗೆ ಜಾಗ ಸಿಕ್ಕಿತು.

ನನ್ನಂಥವರಿಗೆ ಮನುಷ್ಯರ ಗುರುತು ಸಿಗುವುದು ಪಾದಗಳಿಂದ. ತುಕಾರಾಮಪ್ಪನ ಪಾದ ಅಗಲವಾದದ್ದು, ಹಿಮ್ಮಡಿ ಒಡೆದದ್ದು. ಅದು ಹೂಡಿದ ಎತ್ತಿನಂತೆ ಒಂದೇ ನಡಿಗೆಯಲ್ಲಿ ದಿನವಿಡೀ ನಡೆಯುತ್ತಿತ್ತು. ಮನುಷ್ಯ ಮಾತು ಕಡಿಮೆ, ಕೆಲಸ ನೇರ. ದ್ರೌಪದವ್ವ ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಗುಂಡಿ ತೂರುವ ಕಾಜು ಹೊಲಿಯುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಹಾಗಾಗಿ ಆ ಮನೆಯಲ್ಲಿ ನಾನು ಪಾದದ ಜೊತೆಗೆ ಮುಖವನ್ನೂ ಚೆನ್ನಾಗಿ ನೋಡಿದ್ದು ಅವಳೊಬ್ಬಳದೇ. ಅಕ್ಷರ ಬಾರದ ಹೆಂಗಸು. ಆದರೆ ಯಾರು ಏನು ಹೇಳಿದರೂ ಸೂಜಿ ನಿಲ್ಲಿಸಿ ಬಾಯಿ ನೋಡುತ್ತ ಕೇಳುತ್ತಿದ್ದಳು.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಪ್ರಲ್ಹಾದ. ಅವನು ಓದಲು ಕುಳಿತರೆ ಗೋಡೆಗೆ ಹಚ್ಚಿದ ಪಟದ ಹಾಗೆ. ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಒಮ್ಮೆ ಓದಿದ್ದು ಅವನ ತಲೆಯಲ್ಲಿ ಇಸ್ತ್ರಿ ಮಾಡಿದ ಅಂಗಿಯಂತೆ ಮಡಿಕೆ ಬೀಳದೆ ಉಳಿಯುತ್ತಿತ್ತು. ತರಗತಿಗೆ ಮೊದಲಿಗನಾಗಿ ಪಾಸಾಗುತ್ತಿದ್ದ. ಚಿಕ್ಕವಳು ಕಸ್ತೂರಿ. ಅವಳ ಪಾದ ಒಂದು ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಹೊಸ್ತಿಲ ಮೇಲೆ ಕುಳಿತರೂ ಕಾಲು ಅಲ್ಲಾಡುತ್ತಿತ್ತು, ರೊಟ್ಟಿ ತಿನ್ನುವಾಗಲೂ ಬೆರಳುಗಳು ನೆಲದ ಮೇಲೆ ತಾಳ ಹಾಕುತ್ತಿದ್ದವು.

"ಕಾಲ ಮಡಚಿ ಕೂಡು," ಎನ್ನುತ್ತಿದ್ದ ತುಕಾರಾಮಪ್ಪ. "ನಿಮ್ಮಣ್ಣನ್ನ ನೋಡಿ ಕಲಿ. ಕುಂಡಿ ಊರಿ ಕುಂತವಗ ವಿದ್ಯಾ."

ಅವಳು ಕಾಲು ಮಡಚಿ, ಗೋಡೆಗೆ ಬೆನ್ನು ಕೊಟ್ಟು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದಳು. ಅಣ್ಣ ಓದಿದ ಪುಸ್ತಕ ಅದೇ, ಕುಳಿತ ಗೋಡೆ ಅದೇ. ಅದೇ ಹಾಳೆಯನ್ನು ಸಂಜೆಯವರೆಗೆ ನೋಡುತ್ತಿದ್ದಳು. ಮೈ ನಿಲ್ಲಿಸುವುದರಲ್ಲೇ ಅವಳ ಶಕ್ತಿಯೆಲ್ಲ ಹೋಗುತ್ತಿತ್ತು, ಓದುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಮಡಚಿದ ಕಾಲಿನ ಹೆಬ್ಬೆರಳು ಲಂಗದ ಅಂಚಿನ ಕೆಳಗೆ ಕದ್ದು ಅಲುಗುವುದು ನನ್ನ ಎತ್ತರದಿಂದ ಮಾತ್ರ ಕಾಣುತ್ತಿತ್ತು.

ಹತ್ತನೆಯ ತರಗತಿಯಲ್ಲಿ ಅವಳು ವಿಜ್ಞಾನ ಮತ್ತು ಸಮಾಜ ವಿಷಯಗಳಲ್ಲಿ ನಪಾಸಾದಳು. ಸಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ನನ್ನ ಹಿಂದೆ, ಕಿಟಕಿಯ ಕೆಳಗೆ ಕುಳಿತಳು. ಅಳಲಿಲ್ಲ. ಪ್ರಲ್ಹಾದ ಒಳ್ಳೆಯ ಹುಡುಗನೇ. ತಂಗಿಯ ಪಕ್ಕ ಕುಳಿತು, "ನಾ ಹೆಂಗ ಓದಿದ್ನೋ ಹಂಗ ಓದಲ್ಲ ನೀ. ಬರೇ ಹಾಳಿ ನೋಡತಿ," ಎಂದ.

"ನೀ ಹೆಂಗ ಓದತಿ ಅಂತ ನಂಗ ತಿಳಿದ್ರ ತಾನ ಓದೂದು," ಎಂದಳು ಕಸ್ತೂರಿ. "ನಿಂಗ ಅದು ಒಳಗ ಹೋಕ್ಕದ. ನಂಗ ಬಾಗಲದಾಗ ನಿಂತಿರತದ."

ಅಂದು ತುಕಾರಾಮಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕತ್ತರಿ ಕೆಳಗಿಟ್ಟು ಹೆಂಡತಿಗೆ ಹೇಳಿದ: "ಸಾಲಿ ಸಾಕಿನ್ನ. ಮಷಿನ್ನಿಗೆ ಕೂಡ್ಲಿ. ದೀಪಾವಳಿ ಆದ್ಮ್ಯಾಲ ಹಾವೇರಿಯವರು ಹೆಣ್ಣ ನೋಡಾಕ ಬರ್ತೇವಂದಾರ." ಅಕ್ಟೋಬರ್ ಪರೀಕ್ಷೆಗೆ ಕಟ್ಟುತ್ತೇನೆ ಎಂದು ಅವಳು ಹೇಳಿದಾಗ, "ಕಟ್ಟು. ಬ್ಯಾಡಂದವ್ರ್ಯಾರು? ಕೆಲಸ ಮುಗಿಸಿ ಓದು," ಎಂದಷ್ಟೇ ಅಂದ. ಅವಳು ಪಾಸಾಗುತ್ತಾಳೆ ಎಂಬ ನಂಬಿಕೆ ಆ ದನಿಯಲ್ಲಿ ಇರಲಿಲ್ಲ.

ಹೀಗೆ ಆ ಪಾದಗಳು ನನ್ನ ಬಳಿಗೆ ಬಂದವು. ಸಣ್ಣ, ಬಿಸಿಯಾದ, ಬೆಳ್ಳಿಯ ಕಾಲ್ಗೆಜ್ಜೆಯ ಪಾದಗಳು. ಮೊದಮೊದಲು ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯುತ್ತಿತ್ತು. ಕೆಲವೇ ದಿನಗಳಲ್ಲಿ ಕಾಲಿಗೆ ಹದ ಸಿಕ್ಕಿತು. ದಿಂಬಿನ ಚೀಲ, ಲಂಗ, ಸಾಲೆಯ ಚಡ್ಡಿಗಳ ನೇರ ಹೊಲಿಗೆಗಳೆಲ್ಲ ಅವಳ ಪಾಲಿಗೆ ಬಂದವು. ತುಕಾರಾಮಪ್ಪನ ಕಾಲಿನಲ್ಲಿ ನಾನು ದುಡಿಯುತ್ತಿದ್ದೆ. ಅವಳ ಕಾಲಿನಲ್ಲಿ ಓಡುತ್ತಿದ್ದೆ.

ಒಂದು ಮಧ್ಯಾಹ್ನ ತುಕಾರಾಮಪ್ಪ ಊಟ ಮಾಡಿ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಕಸ್ತೂರಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ದ್ರೌಪದವ್ವ ಕಾಜು ಹೊಲಿಯುತ್ತ ಸುಮ್ಮನೆ ಕೇಳಿದಳು:

"ಅಲ್ಲವಾ, ಅದೇನಿತ್ತು ಅಂಥಾದ್ದು ಆ ಪ್ರಶ್ನಿಯೊಳಗ? ನಿಂಗ ಬರದಂಥಾದ್ದು?"

"ರಕ್ತ ಹೆಂಗ ಹರೀತದ ಅಂತ ಕೇಳಿದ್ರಬೇ."

"ಹೆಂಗ ಹರೀತದ?"

ಕಸ್ತೂರಿ ಹೊಲಿಗೆ ನಿಲ್ಲಿಸಲಿಲ್ಲ. ಕಾಲು ತುಳಿಯುತ್ತಿದ್ದಂತೆ ಬಾಯಿ ಹೇಳತೊಡಗಿತು. "ಮೈಯಾಗಿನ ಕೆಟ್ಟ ರಕ್ತ ಬಲ ಹೃತ್ಕರ್ಣಕ್ಕ ಬರ್ತದ. ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳೀತದ. ಅಲ್ಲಿಂದ ಶ್ವಾಸಕೋಶಕ್ಕ ಹೋಕ್ಕದ. ತೊಳಕೊಂಡು ಎಡ ಹೃತ್ಕರ್ಣಕ್ಕ ಬರ್ತದ..." ಪೆಡಲ್ ಮುಂದಕ್ಕೆ ಹೋದಾಗ ಒಂದು ಮಾತು, ಹಿಂದಕ್ಕೆ ಬಂದಾಗ ಇನ್ನೊಂದು. ಚೀಲದ ಅಂಚು ಮುಗಿಯಿತು. ಅವಳು ಕಾಲು ನಿಲ್ಲಿಸಿ ದಾರ ಕತ್ತರಿಸಿದಳು.

"ಆಮ್ಯಾಲ?" ಎಂದಳು ತಾಯಿ.

ಕಸ್ತೂರಿ ಬಾಯಿ ತೆರೆದಳು. ಏನೂ ಬರಲಿಲ್ಲ. ಪರೀಕ್ಷೆಯ ದಿನ ಹೋದಂತೆಯೇ ಎಲ್ಲ ಹೋಗಿತ್ತು. ಇನ್ನೊಂದು ಚೀಲ ತೆಗೆದುಕೊಂಡು ಸೂಜಿಯ ಕೆಳಗಿಟ್ಟು ತುಳಿದಳು. "ಎಡ ಹೃತ್ಕುಕ್ಷಿಗೆ ಇಳೀತದ, ಅಲ್ಲಿಂದ ಮಹಾಪಧಮನಿಯೊಳಗ ಹಾಯ್ದು ಮೈಗೆಲ್ಲ..."

ತಟಕ್ಕನೆ ಕಾಲು ನಿಲ್ಲಿಸಿದಳು. ಮತ್ತೆ ತುಳಿದಳು. ಮತ್ತೆ ನಿಲ್ಲಿಸಿದಳು.

"ಯವ್ವಾ," ಎಂದಳು ಮೆಲ್ಲಗೆ. "ನಂಗ ಬರ್ತದಬೇ. ಕಾಲ ಆಡಿದ್ರ ಬರ್ತದ."

ದ್ರೌಪದವ್ವ ಸೂಜಿ ಕೆಳಗಿಟ್ಟಳು. "ಹಂಗಿದ್ರ ಆಡಸು. ಕಾಲ ನಿಂದು, ಯಾರಪ್ಪಂದು ಏನ ಹೋಕ್ಕದ?"

ಅಂದಿನಿಂದ ಮಧ್ಯಾಹ್ನಗಳು ನಮ್ಮವು. ನನ್ನ ಬಾಳಿನಲ್ಲಿ ಅವುಗಳಂಥ ಮಧ್ಯಾಹ್ನ ಮತ್ತೆ ಬರಲಿಲ್ಲ. ಹೊಲಿಯುವುದು ಮುಗಿದ ಮೇಲೆ ಕಸ್ತೂರಿ ನನ್ನ ಕೈಚಕ್ರದ ತಿರುಪು ಸಡಿಲಿಸುತ್ತಿದ್ದಳು. ಹಾಗೆ ಮಾಡಿದರೆ ಚಕ್ರ ತಿರುಗುತ್ತದೆ, ಸೂಜಿ ಅಲುಗುವುದಿಲ್ಲ. ಪುಸ್ತಕವನ್ನು ನನ್ನ ಹಲಗೆಯ ಮೇಲಿಟ್ಟುಕೊಂಡು ತುಳಿಯುತ್ತ ಓದುತ್ತಿದ್ದಳು. ಆಮೇಲೆ ಪುಸ್ತಕ ಮುಚ್ಚಿ, ತುಳಿಯುತ್ತ ತಾಯಿಗೆ ಹೇಳುತ್ತಿದ್ದಳು. ಮೊದಮೊದಲು ಅದು ಬರಿಯ ಬಾಯಿಪಾಠವಾಗುತ್ತಿತ್ತು. ಗಾಡಿ ಇಳಿಜಾರಿನಲ್ಲಿ ಹೋದಂತೆ ಮಾತು ತಾನೇ ಹೋಗುತ್ತಿತ್ತು. ದ್ರೌಪದವ್ವ ನಡುವೆ ಕೈ ಅಡ್ಡ ಹಿಡಿಯುತ್ತಿದ್ದಳು. "ನಿಂದರು. ಹೋದ ರಕ್ತ ಹೊಳ್ಳಿ ಯಾಕ ಬರ್ತದ? ಹೋದಲ್ಲೇ ಇದ್ರ ಏನಾಕ್ಕದ?" ಕಸ್ತೂರಿಗೆ ಗೊತ್ತಿರುತ್ತಿರಲಿಲ್ಲ. ಪುಸ್ತಕ ತೆರೆದು ಹುಡುಕಿ, ತಿಳಿದು, ತನ್ನ ಮಾತಿನಲ್ಲಿ ತಾಯಿಗೆ ಹೇಳಬೇಕಾಗುತ್ತಿತ್ತು. ತಾಯಿಗೆ ತಿಳಿಯುವಂತೆ ಹೇಳಿದ್ದು ಅವಳಿಗೆ ಎಂದೂ ಮರೆಯಲಿಲ್ಲ. ಎಲ್ಲದಕ್ಕೂ ಕಾಲು ಸಾಲುತ್ತಿರಲಿಲ್ಲ. ದೇಶಗಳ ನಕಾಶೆ ಕಾಲಿಗೆ ಹತ್ತಲಿಲ್ಲ. ಅದಕ್ಕೆ ಚಿಂದಿ ಬಟ್ಟೆಗಳನ್ನು ಆಯಾ ಆಕಾರಕ್ಕೆ ಕತ್ತರಿಸಿ ನೆಲದ ಮೇಲೆ ಜೋಡಿಸಿದಳು. ಹೀಗೆ ತಡಕಾಡುತ್ತ, ಯಾವುದು ತನ್ನ ಒಳಗೆ ಯಾವ ಬಾಗಿಲಿನಿಂದ ಹೋಗುತ್ತದೆ ಎಂದು ಒಂದೊಂದನ್ನೇ ಕಂಡುಕೊಂಡಳು.

ಒಂದು ದಿನ ತುಕಾರಾಮಪ್ಪನಿಗೆ ಬೇಗ ಎಚ್ಚರವಾಯಿತು. ಪಡಸಾಲೆಗೆ ಬಂದವನು ಸೂಜಿಯಲ್ಲಿ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ, ಚಕ್ರ ಮಾತ್ರ ಗಿರಗಿರ ತಿರುಗುವುದನ್ನು ಕಂಡ. ಅವನ ಮುಖ ಕೆಂಪಾಯಿತಂತೆ. ನನಗೆ ಕಂಡದ್ದು ಬಿಗಿಯಾದ ಕಾಲ್ಬೆರಳುಗಳು.

"ಖಾಲಿ ತೊಟ್ಲಾ ತೂಗಬಾರ್ದು, ಖಾಲಿ ಮಷಿನ್ ತುಳೀಬಾರ್ದು. ಅನ್ನ ಹಾಕೂ ವಸ್ತು ಅದು. ಆಟದ ಸಾಮಾನ ಮಾಡೀಯೇನು?"

ಕಸ್ತೂರಿ ಕಾಲು ಎಳೆದುಕೊಂಡಳು. ನನ್ನ ಚಕ್ರ ಸ್ವಲ್ಪ ಹೊತ್ತು ತಾನಾಗಿಯೇ ತಿರುಗಿ ನಿಂತಿತು. ಆಗ ದ್ರೌಪದವ್ವ ನೆಲದಿಂದ ಎದ್ದಳು. ಗಂಡನ ಎದುರು ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ಎತ್ತಲಿಲ್ಲ.

"ಖಾಲಿ ಎಲ್ಲೈತ್ರೀ?" ಎಂದಳು. "ಪಾಠ ಹೊಲಿಯಾಕತ್ತಾಳ ಆಕಿ. ನಿಮಗ ಕಾಣವಲ್ದು, ನನಗ ಕೇಳಸಾಕತ್ತೈತಿ."

ತುಕಾರಾಮಪ್ಪ ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತು ಬೀಡಿ ಹಚ್ಚಿದ. ಮರುದಿನ ಮಧ್ಯಾಹ್ನ ಊಟ ಮಾಡಿ ಎಂದಿನಂತೆ ಮಲಗಲು ಹೋಗುವ ಮುನ್ನ ಎಣ್ಣೆಯ ಡಬ್ಬಿ ತಂದು ನನ್ನ ಪೆಡಲಿನ ಕೀಲುಗಳಿಗೆ ಎಣ್ಣೆ ಬಿಟ್ಟ.

ಪ್ರಲ್ಹಾದನಿಗೆ ಇದು ನಂಬಿಕೆಯಾಗಲಿಲ್ಲ. ಪುಸ್ತಕ ಹಿಡಿದು ಅಲ್ಲಿ ಇಲ್ಲಿ ಪ್ರಶ್ನೆ ಕೇಳಿದ. ಅವಳು ತುಳಿಯುತ್ತ ಎಲ್ಲಕ್ಕೂ ಉತ್ತರ ಹೇಳಿದಳು. ಅವನು ಪುಸ್ತಕ ಮಡಚಿ ಒಂದು ಮಾತು ಕೇಳಿದ. ಚುಚ್ಚಲಿಕ್ಕಲ್ಲ, ಕಾಳಜಿಯಿಂದಲೇ.

"ಖರೆ ಐತಿ, ಬರ್ತದ ನಿಂಗ. ಆದ್ರ ಪರೀಕ್ಷೆಗೆ ಈ ಮಷಿನ್ ಹೊತಗೊಂಡು ಹೊಕ್ಕೀಯೇನು?"

ಕಸ್ತೂರಿಯ ಪಾದ ತಣ್ಣಗಾದದ್ದು ನನ್ನ ಕಬ್ಬಿಣಕ್ಕೆ ತಿಳಿಯಿತು. ಹೊತ್ತುಕೊಂಡು ಹೋಗು ಎಂದು ಕೂಗಬೇಕೆನಿಸಿತು ನನಗೆ. ಹೇಗೆ ಕೂಗಲಿ?

ಅಂದಿನಿಂದ ಅವಳು ಬೇರೆ ರೀತಿ ಅಭ್ಯಾಸ ಮಾಡಿದಳು. ನನ್ನ ಮುಂದೆಯೇ ಕೂಡುತ್ತಿದ್ದಳು, ಪಾದ ಪೆಡಲಿನ ಮೇಲೆ ಇಡುತ್ತಿದ್ದಳು, ಆದರೆ ತುಳಿಯುತ್ತಿರಲಿಲ್ಲ. ಬೆರಳುಗಳನ್ನು ಮಾತ್ರ ಮಡಚಿ ಬಿಚ್ಚುತ್ತಿದ್ದಳು. ಚಕ್ರ ತಿರುಗದಷ್ಟು ಹಗುರವಾಗಿ. ಮೊದಲು ಮಾತು ತೊದಲಿತು. ದಿನ ಕಳೆದಂತೆ ಸರಾಗವಾಯಿತು. ನಾನು ಅಲುಗದೆ ನಿಂತೇ ಇರುತ್ತಿದ್ದೆ, ಅವಳ ಪಾಠ ನಡೆಯುತ್ತಿತ್ತು. ಸಂತೋಷಪಡಬೇಕಾದ ಹೊತ್ತು ಅದು. ನನಗೆ ಮಾತ್ರ ಏನೋ ಕೈಬಿಟ್ಟು ಹೋಗುತ್ತಿದೆ ಎನಿಸುತ್ತಿತ್ತು. ಅವಳು ನನ್ನನ್ನು ಬಿಟ್ಟು ಕಲಿಯುವುದನ್ನು ನನ್ನ ಮೇಲೆಯೇ ಕಲಿಯುತ್ತಿದ್ದಳು.

ಪರೀಕ್ಷೆ ಬಂತು. ಮೊದಲ ದಿನ ಸಮಾಜ ವಿಷಯ ಬರೆದು ಮನೆಗೆ ಬಂದವಳ ಹೆಜ್ಜೆ ಭಾರವಾಗಿತ್ತು. ಕಾಲು ಅಲುಗಿದ್ದಕ್ಕೆ ಬೆಂಚು ಅದುರುತ್ತದೆ ಎಂದು ಮೇಲ್ವಿಚಾರಕರು ಗದರಿದರಂತೆ. ಆಮೇಲೆ ಅರ್ಧ ತಾಸು ಕೈಯೇ ಆಡಲಿಲ್ಲವಂತೆ. "ಎಲ್ಲಾ ಮತ್ತ ಬಾಗಲಕ್ಕ ಬಂದು ನಿಂತಬಿಡ್ತಬೇ," ಎಂದು ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ದ್ರೌಪದವ್ವ ಅವಳ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ತಿಕ್ಕಿದಳು. "ನಾಳೆ ಚಪ್ಪಲಿ ಬಿಟ್ಟು ಕೂಡು. ಬರಿಗಾಲಿನ ಬೆರಳಷ್ಟ ಆಡಿದ್ರ ಯಾವ ಬೆಂಚೂ ಅದರೂದಿಲ್ಲ."

ಮಾರನೆಯ ದಿನ ಕಸ್ತೂರಿ ಹಾಗೆಯೇ ಮಾಡಿದಳು. ವಿಜ್ಞಾನದ ಪ್ರಶ್ನೆಪತ್ರಿಕೆ. ಮನೆಗೆ ಬಂದವಳು ಚಪ್ಪಲಿ ಹೊರಗೆ ಬಿಡದೆ ಓಡಿಬಂದು ನನ್ನ ಮುಂದೆ ಕುಳಿತು, ಬಟ್ಟೆಯಿಲ್ಲ ದಾರವಿಲ್ಲ, ಚಕ್ರ ಹಾರುವಂತೆ ತುಳಿದಳು. ತುಕಾರಾಮಪ್ಪ ಅಲ್ಲೇ ಬಟ್ಟೆ ಕತ್ತರಿಸುತ್ತಿದ್ದ. ಕತ್ತರಿ ನಿಲ್ಲಿಸದೆ ಕೆಲಸ ಮುಂದುವರಿಸಿದ.

ಅವಳು ಪಾಸಾದಳು. ಸಮಾಜ ವಿಷಯ ಅಂಚಿನಲ್ಲಿ ದಾಟಿತು, ವಿಜ್ಞಾನದಲ್ಲಿ ಅಣ್ಣನಿಗಿಂತ ಹೆಚ್ಚು ಬಂತು. ಹಾವೇರಿಯವರ ಮಾತು ಬಂದಾಗ ತುಕಾರಾಮಪ್ಪ, "ಈಗ ಬ್ಯಾಡಂತ ಹೇಳೇನಿ. ಆಕಿ ಧಾರವಾಡಕ್ಕ ಮಾಸ್ತರಕಿ ಕಲ್ಯಾಕ ಹೊಂಟಾಳ," ಎಂದ. ಅದನ್ನು ಹೇಳುವಾಗ ಅವನ ಪಾದ ನನ್ನ ಮೇಲೆ ಒಮ್ಮೆ ಲಯ ತಪ್ಪಿತು.

ಹೊರಡುವ ಬೆಳಿಗ್ಗೆ ಅವಳು ಬಂದು ನನ್ನ ಹಲಗೆಯನ್ನು ಸೆರಗಿನಿಂದ ಒರೆಸಿದಳು. ಪಾದ ಇಡಲಿಲ್ಲ, ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಗೆಜ್ಜೆಯ ದನಿ ಓಣಿಯ ತಿರುವಿನವರೆಗೆ ಕೇಳಿಸಿತು.

ಆಮೇಲೆ ನನ್ನ ಕಾಯುವಿಕೆ ಶುರುವಾಯಿತು. ತುಕಾರಾಮಪ್ಪನ ಕಾಲು ದಿನವೂ ಬರುತ್ತಿತ್ತು. ಕೆಲಸ ನಡೆಯುತ್ತಿತ್ತು. ಆದರೆ ಮಧ್ಯಾಹ್ನ ಅವನು ಮಲಗಲು ಹೋದಾಗ, ದ್ರೌಪದವ್ವ ಒಬ್ಬಳೇ ಕಾಜು ಹೊಲಿಯುತ್ತ ಕುಳಿತಾಗ, ನಮ್ಮಿಬ್ಬರ ನಡುವೆ ಒಂದು ದನಿಯ ಜಾಗ ಖಾಲಿಯಿರುತ್ತಿತ್ತು. ಅವಳು ಆಗಾಗ ತಲೆಯೆತ್ತಿ ನನ್ನ ಪೆಡಲನ್ನು ನೋಡುತ್ತಿದ್ದಳು. "ಈಗ ಯಾರಿಗೆ ಹೇಳ್ತಿರತಾಳೋ," ಎಂದು ಒಂದು ದಿನ ತನ್ನಷ್ಟಕ್ಕೆ ಅಂದಳು.

ದಸರೆಯ ರಜೆಗೆ ಕಸ್ತೂರಿ ಬಂದಳು. ಬಂದವಳೇ ನನ್ನ ಮುಂದೆ ಕುಳಿತು ಒಂದು ಕುಪ್ಪಸ ಹೊಲಿದಳು. ನಾನು ಮಧ್ಯಾಹ್ನವಾಗುವುದನ್ನೇ ಕಾದೆ. ಮಧ್ಯಾಹ್ನವಾಯಿತು. ಅವಳು ಪುಸ್ತಕ ತೆಗೆದುಕೊಂಡಳು. ನನ್ನ ಮುಂದೆ ಹಾಯ್ದು, ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಹೆಜ್ಜೆಯ ಸಪ್ಪಳ ಕೇಳಿಸಿತು. ಆಚೆಗೊಮ್ಮೆ, ಈಚೆಗೊಮ್ಮೆ. ಜೊತೆಗೆ ಗುನುಗುವ ದನಿ. ಅವಳು ನಡೆಯುತ್ತ ಓದುವುದನ್ನು ಕಲಿತಿದ್ದಳು. ಹೆಜ್ಜೆ ಬಿದ್ದಾಗಲೆಲ್ಲ ಮಾಳಿಗೆಯ ಮಣ್ಣು ಹುಡಿಹುಡಿಯಾಗಿ ನನ್ನ ಹಲಗೆಯ ಮೇಲೆ ಉದುರುತ್ತಿತ್ತು. ಅವಳ ಪಾದಗಳು ನನ್ನಿಂದ ಅಷ್ಟು ಹತ್ತಿರದಲ್ಲಿ, ಅಷ್ಟು ದೂರದಲ್ಲಿ ಇದ್ದವು.

ವರ್ಷಗಳು ಹೋದವು. ಅವಳು ನರಗುಂದದ ಕಡೆ ಒಂದು ಊರಿನಲ್ಲಿ ಶಿಕ್ಷಕಿಯಾದಳು, ಮದುವೆಯಾಯಿತು. ಪ್ರಲ್ಹಾದ ಬ್ಯಾಂಕಿನ ಕೆಲಸಕ್ಕೆ ಸೇರಿ ಹುಬ್ಬಳ್ಳಿಗೆ ಹೋದ. ಅಪ್ಪನ ಮೊಣಕಾಲು ನೋವು ನೋಡಲಾರದೆ ನನಗೊಂದು ಕರೆಂಟಿನ ಮೋಟಾರು ಹಚ್ಚಿಸಿದ. ಬೆಲ್ಟು ತೆಗೆದು ಗೂಟಕ್ಕೆ ನೇತು ಹಾಕಿದರು. ಸೂಜಿ ಈಗ ಯಾರ ಕಾಲಿನ ಹಂಗೂ ಇಲ್ಲದೆ ಕುಣಿಯುತ್ತಿತ್ತು. ಆದರೂ ತುಕಾರಾಮಪ್ಪ ಅಭ್ಯಾಸಬಲದಿಂದ ಪಾದಗಳನ್ನು ನನ್ನ ಪೆಡಲಿನ ಮೇಲೆಯೇ ಇಟ್ಟು, ಸೂಜಿಯ ನಂಟು ತಪ್ಪಿದ ಅದನ್ನು ಮೆಲ್ಲಗೆ ತೂಗುತ್ತಿದ್ದ.

ಕಣ್ಣಿಗೆ ಪೊರೆ ಬಂದು ಅವನು ಹೊಲಿಯುವುದನ್ನು ಬಿಟ್ಟ ಮೇಲೂ ನನ್ನ ಮುಂದಿನ ಸ್ಟೂಲೇ ಅವನ ಜಾಗ. ಒಂದು ಬೇಸಿಗೆ ರಜೆಯಲ್ಲಿ ಕಸ್ತೂರಿ ಬಂದಿದ್ದಳು. ತನ್ನ ತರಗತಿಯ ಒಬ್ಬ ಹುಡುಗಿಯ ಸುದ್ದಿ ತಾಯಿಗೆ ಹೇಳುತ್ತಿದ್ದಳು. ಕುಳಿತಲ್ಲಿ ಕೂಡದ ಹುಡುಗಿ, ಅವಳಿಗೆ ಹಿಂದಿನ ಸಾಲಿನಲ್ಲಿ ನಿಂತು ಓದಲು ಹೇಳಿದ್ದೇನೆ ಎಂದಳು. ತುಕಾರಾಮಪ್ಪನ ಕಾಲು ನಿಂತಿತು.

"ನನ್ನ ಕಂಬಕ್ಕ ಕಟ್ಟತಿದ್ರು," ಎಂದ.

"ಯಾರಪ್ಪಾ?"

"ನಮ್ಮೂರ ಗಾಂವಠಿ ಸಾಲಿ ಮಾಸ್ತರ. ಕಾಲ ಆಡಸ್ತೇನಂತ. ಹದಿಮೂರರ ಮಗ್ಗಿ ಬರಲಿಲ್ಲಂತ. ಒಂದಿನ ಹಗ್ಗ ಬಿಚ್ಚಕೊಂಡು ಓಡಿ ಬಂದ್ನಿ, ಮತ್ತ ಹೋಗಲಿಲ್ಲ." ಮಗಳ ಕಡೆ ತಿರುಗಿ ಹೇಳಿದ: "ನಿಂಗ ಹಂಗ ಆಗಬಾರ್ದಂತ ಕಾಲ ಮಡಚಿ ಕೂಡಸ್ತಿದ್ನಿ ನಾ. ಹಗ್ಗ ಅಂತೂ ಹಚ್ಚಲಿಲ್ಲವಾ."

ಕಸ್ತೂರಿ ಎದ್ದು ಬಂದು ಅಪ್ಪನ ಪಕ್ಕ ನೆಲದ ಮೇಲೆ, ತಾಯಿ ಕೂಡುತ್ತಿದ್ದ ಜಾಗದಲ್ಲಿ ಕುಳಿತಳು. ಅವನ ಒಡೆದ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದು ಪೆಡಲಿನ ಮೇಲೆ ಸರಿಯಾಗಿ ಇಟ್ಟಳು. "ತುಳಿಯಪ್ಪಾ," ಎಂದಳು. "ಹದಿಮೂರ ಒಂದ್ಲೆ ಹದಿಮೂರ."

ಮುದುಕ ನಕ್ಕ. ನಾಚಿದ. ಆಮೇಲೆ ತುಳಿದ. "ಹದಿಮೂರ ಒಂದ್ಲೆ ಹದಿಮೂರ. ಹದಿಮೂರ ಎರಡ್ಲೆ ಇಪ್ಪತ್ತಾರ..." ಆ ರಜೆ ಮುಗಿಯುವುದರೊಳಗೆ ಅವನಿಗೆ ಮಗ್ಗಿ ಪೂರ್ತಿ ಬಂತು. ಅವನ ಮಂಜುಗಣ್ಣಿನಲ್ಲಿ ನೀರಿತ್ತು ಎಂದು ದ್ರೌಪದವ್ವ ಆಮೇಲೆ ನೆರೆಯವರಿಗೆ ಹೇಳುತ್ತಿದ್ದಳು. ನನಗೆ ಕಂಡದ್ದು ಅವನ ಪಾದ. ಕಟ್ಟು ಬಿಚ್ಚಿದ ಕರುವಿನ ಕಾಲಿನ ಹಾಗೆ ಅದು ನನ್ನ ಮೇಲೆ ಜಿಗಿಯುತ್ತಿತ್ತು.

ತುಕಾರಾಮಪ್ಪ ತೀರಿಹೋದ ಮೇಲೆ ಮನೆ ಖಾಲಿ ಮಾಡಿದರು. ದ್ರೌಪದವ್ವ ಮಗಳ ಜೊತೆ ಹೊರಟಳು. "ಮಷಿನ್ ಒಯ್ತೀಯೇನು?" ಎಂದು ಪ್ರಲ್ಹಾದ ತಂಗಿಯನ್ನು ಕೇಳಿದ. ಕಸ್ತೂರಿ ನನ್ನ ಮುಂದೆ ಬಂದು ನಿಂತಳು. ಚಪ್ಪಲಿ ಬಿಟ್ಟು, ಒಂದು ಪಾದವನ್ನು ಪೆಡಲಿನ ಮೇಲೆ ಇಟ್ಟಳು. ಭಾರವಾದ, ನಡೆದು ನಡೆದು ಗಟ್ಟಿಯಾದ ಪಾದ. ನನ್ನ ಕೀಲುಗಳೆಲ್ಲ ಎಚ್ಚರವಾದವು.

"ಮೂಲ್ಯಾಗ ನಿಂತು ಏನ ಮಾಡೀತು ಪಾಪ," ಎಂದಳು. "ಓಣ್ಯಾಗಿನ ಶಾಹಿನಾಬಿಗೆ ಕೊಡೋಣು. ಆಕಿಗೆ ದಿನಾ ತುಳ್ಯಾಕ ಬೇಕು."

ಅದು ಸರಿಯಾದ ಮಾತು. ಶಾಹಿನಾಬಿ ಮೋಟಾರು ಬಿಚ್ಚಿಸಿ, ಹೊಸ ಬೆಲ್ಟು ಹಾಕಿಸಿ, ಬಹಳ ಕಾಲ ನನ್ನ ಮೇಲೆ ಲಂಗ ಹೊಲಿದಳು. ಒಳ್ಳೆಯ ಪಾದ, ದಣಿದ ಪಾದ. ಅವಳಿಗೂ ವಯಸ್ಸಾಯಿತು, ನನ್ನ ಒಳಗಿನ ಹಲ್ಲುಗಳೂ ಸವೆದವು. ಮೇಲಿನ ಮೈಯನ್ನು ಬಿಡಿಭಾಗಗಳಿಗಾಗಿ ಕೊಂಡುಹೋದರು. ಈಗ ನಾನು ಬರಿಯ ಕಾಲುಗಳು, ಪೆಡಲ್ ಮತ್ತು ಹಲಗೆ. ಹಲಗೆಯ ಮೇಲೆ ನೀರಿನ ಕೊಡ ಇಟ್ಟು ನನ್ನನ್ನು ಶಾಹಿನಾಬಿಯ ಮನೆ ಬಾಗಿಲ ಪಕ್ಕದ ತಗಡಿನ ಸೂರಿನ ಕೆಳಗೆ ನಿಲ್ಲಿಸಿದ್ದಾರೆ.

ಇಲ್ಲಿ ನಿಂತು ಯೋಚಿಸುತ್ತೇನೆ. ಕಸ್ತೂರಿ ಕಲಿತದ್ದು ನನ್ನ ಮೇಲೆ, ನನ್ನಿಂದಲ್ಲ. ಅದು ಅವಳ ಪಾದದಲ್ಲೇ ಇತ್ತು. ಪರೀಕ್ಷೆಯ ಬೆಂಚಿನ ಕೆಳಗೂ, ಮಾಳಿಗೆಯ ಮೇಲೂ, ನರಗುಂದದ ದಾರಿಯಲ್ಲೂ ಅವಳೊಂದಿಗೇ ಹೋಯಿತು. ಇದು ಅರ್ಥವಾಗಲು ನನಗೆ ಒಂದು ಆಯುಷ್ಯ ಹಿಡಿಯಿತು. ಅರ್ಥವಾದ ಮೇಲೆ ಹಂಬಲ ಹೋಗಬೇಕಿತ್ತು. ಹೋಗಿಲ್ಲ.

ಬೆಳಿಗ್ಗೆ ಈ ಓಣಿಯಲ್ಲಿ ಸಾಲೆಯ ಮಕ್ಕಳು ಹೋಗುತ್ತಾರೆ. ನಾನಿರುವ ತಗ್ಗಿಗೆ ಕಾಣುವುದು ಪಾದಗಳು ಮಾತ್ರ. ಕೆಲವು ನೇರ ನಡೆಯುತ್ತವೆ. ಕೆಲವು ಕಲ್ಲು ಒದೆಯುತ್ತ, ಕುಂಟುಬಿಲ್ಲೆ ಆಡುತ್ತ ಹೋಗುತ್ತವೆ. ಆ ಎರಡನೆಯವು ಹಾಯ್ದು ಹೋಗುವಾಗ, ಕೊಡದ ಭಾರದ ಕೆಳಗೆ, ನನ್ನ ತುಕ್ಕು ಹಿಡಿದ ಪೆಡಲ್ ಅವುಗಳ ಕಡೆಗೆ ಒಂದಿಷ್ಟು ಬಾಗುತ್ತದೆ.